ಸುಣ್ಣದ ಡಬ್ಬಿಗೆ ಮೂರೂವರೆ ಸ್ಟಾರ್, ಅದರ ಮೇಲೆ ಬರೆದ ಮಾತಿಗೆ ಸೊನ್ನೆ

ಮೊದಲೇ ಹೇಳಿಬಿಡುತ್ತೇನೆ, ಈ ರಿವ್ಯೂ ಉದ್ದ ಇದೆ. ಆತುರದಲ್ಲಿರುವವರಿಗೆ ಎರಡೇ ಮಾತು. ನಿಮ್ಮ ಫೈರ್‌ಪ್ಲೇಸ್ ಬರೀ ಇಟ್ಟಿಗೆಯದಾಗಿದ್ದರೆ ಈ ರೆಡಿಮಿಕ್ಸ್ ಸುಣ್ಣದ ಪೇಂಟನ್ನು ಕಣ್ಣು ಮುಚ್ಚಿಕೊಂಡು ತನ್ನಿ. ಆ ಇಟ್ಟಿಗೆ ಮೇಲೆ ಯಾರೋ ಆಗಲೇ ಬೇರೆ ಪೇಂಟ್ ಹೊಡೆದಿದ್ದರೆ, ಡಬ್ಬಿ ಮೇಲೆ ಏನೇ ಬರೆದಿರಲಿ, ಮುಚ್ಚಳ ತೆಗೆಯುವ ಮುಂಚೆ ಇದನ್ನು ಪೂರ್ತಿ ಓದಿ. ನಾನು ಏನೂ ಓದದೆ ತೆಗೆದೆ. ಮೂರು ವಾರದಲ್ಲಿ ಹಾವು ಪೊರೆ ಬಿಟ್ಟ ಹಾಗೆ ಸುಲಿದು ಬಂತು.

ಕಂಪನಿ ಹೆಸರು ಬರೆಯುವುದಿಲ್ಲ. ಯಾಕೆಂದರೆ ಇದು ಒಂದು ಕಂಪನಿಯ ಕಥೆ ಅಲ್ಲ. ಅಂಗಡಿಯಲ್ಲಿ ತಿರುಗಿಸಿ ನೋಡಿದ ಇನ್ನೆರಡು ಡಬ್ಬಿಗಳ ಮೇಲೂ ಹೆಚ್ಚುಕಮ್ಮಿ ಅದೇ ಸಾಲು ಇತ್ತು: ಪೇಂಟ್ ಆಗಿರಲಿ, ಆಗದಿರಲಿ, ಎಲ್ಲ ಗೋಡೆಗೂ ಹಚ್ಚಬಹುದು.

ನಾವು ಈ ಮನೆಗೆ ಬಂದಾಗ ಹಾಲ್‌ನಲ್ಲಿ ನೆಲದಿಂದ ಸೀಲಿಂಗ್‌ವರೆಗೂ ಇಟ್ಟಿಗೆಯ ಫೈರ್‌ಪ್ಲೇಸ್ ಇತ್ತು. ಹಿಂದೆ ಇದ್ದವರು ಅದಕ್ಕೆ ಥಳಥಳ ಹೊಳೆಯುವ ಬಿಳಿ ಪೇಂಟ್ ಹೊಡೆದಿದ್ದರು. ಹೊಳಪಿನ ಪೇಂಟ್ ಇಟ್ಟಿಗೆ ಮೇಲೆ ಬಿದ್ದರೆ ಏನಾಗುತ್ತದೆ ಗೊತ್ತಾ? ಒಂದೊಂದು ಉಬ್ಬು, ಒಂದೊಂದು ತಗ್ಗು, ಗಾರೆ ಸೋರಿ ಒಣಗಿದ ಒಂದೊಂದು ಹನಿ, ಎಲ್ಲವೂ ಬೆಳಕಿಗೆ ಮಿಂಚುತ್ತದೆ. ಅಮ್ಮ ವಿಡಿಯೋ ಕಾಲ್‌ನಲ್ಲಿ ನೋಡಿದವಳೇ, "ಇದೇನೇ, ಒಲೆಗೆ ಫ್ರಿಜ್ ಬಾಗಿಲು ಹಾಕಿದ್ದಾರಾ?" ಅಂದಳು. ಆಮೇಲೆ ನನಗೆ ಅದು ಫ್ರಿಜ್ ಬಾಗಿಲಾಗಿ ಬಿಟ್ಟು ಬೇರೆ ಏನಾಗಿಯೂ ಕಾಣಲೇ ಇಲ್ಲ.

ಅದರ ಜೊತೆಗೆ ಬೂದು ಗೋಡೆ, ಬೂದು ಸೋಫಾ, ಫೈರ್‌ಪ್ಲೇಸ್ ಮೇಲೆ ಟಿವಿ. ರೂಮಿಗೆ ಕಾಲಿಟ್ಟರೆ ಡೆಂಟಿಸ್ಟ್ ಬಳಿ ಸರದಿಗೆ ಕಾದು ಕೂತ ಹಾಗಿತ್ತು.

ಸುಣ್ಣವೇ ಯಾಕೆ ಅಂತ ನನ್ನ ಗಂಡ ಕೇಳಿದರು. ಸುಣ್ಣ ಬಳಿದ ಗೋಡೆಗೆ ಒರಗಿ ಬೆನ್ನೆಲ್ಲ ಬಿಳಿ ಮಾಡಿಕೊಂಡು ಬೈಸಿಕೊಂಡವರಲ್ಲವೇ ನಾವೆಲ್ಲ, ಮತ್ತೆ ಅದೇ ಬೇಕಾ ಅಂತ ಅವರ ವಾದ. ನನ್ನ ವಾದ ಬೇರೆ. ಪೇಂಟ್ ಇಟ್ಟಿಗೆ ಮೇಲೆ ಪ್ಲಾಸ್ಟಿಕ್ ಹಾಳೆಯಂತೆ ಕೂರುತ್ತದೆ. ಸುಣ್ಣ ಹಾಗಲ್ಲ, ಒಳಗೆ ಇಳಿಯುತ್ತದೆ. ನೀರಲ್ಲಿ ಕಲಸಿದ ಸುಣ್ಣ ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅದು ಗಾಳಿಯಲ್ಲಿನ ಕಾರ್ಬನ್ ಡೈ ಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಅಂದರೆ ಇಟ್ಟಿಗೆಯ ರಂಧ್ರಗಳ ಒಳಗೆ ತೆಳ್ಳಗೆ ಒಂದು ಕಲ್ಲಿನ ಪದರ ಬೆಳೆಯುತ್ತದೆ. ಇಟ್ಟಿಗೆಯಲ್ಲಿ ತೇವ ಇದ್ದರೆ ಅದು ಆರಾಮಾಗಿ ಹೊರಗೆ ಹೋಗುತ್ತದೆ. ಪೇಂಟ್ ಆದರೆ ಆ ತೇವವನ್ನು ಒಳಗೇ ಕಟ್ಟಿಹಾಕುತ್ತದೆ. ಚಿಮಣಿ ಕಡೆಯಿಂದ ಸ್ವಲ್ಪ ನೀರು ಜಿನುಗಿದರೂ ಸಾಕು, ಪೇಂಟ್ ಗುಳ್ಳೆ ಏಳುತ್ತದೆ, ಹಿಂದೆ ಉಪ್ಪು ಬಿಳಿ ಬಿಳಿಯಾಗಿ ಕೂರುತ್ತದೆ, ಕೆಲವು ಸಲ ಇಟ್ಟಿಗೆಯ ಮುಖವೇ ಉದುರುತ್ತದೆ.

ಈ ಜ್ಞಾನ ಎಲ್ಲ ಇಟ್ಟುಕೊಂಡು ನಾನು ಮಾಡಿದ್ದೇನು? ಇಳಿಯಲು ಜಾಗವೇ ಇಲ್ಲದ ಹೊಳಪಿನ ಪೇಂಟ್ ಮೇಲೆ ಸುಣ್ಣ ಬಳಿದೆ. ಡಬ್ಬಿ ಹೇಳಿತ್ತಲ್ಲ!

ಬಳಿದ ದಿನ ಮಾತ್ರ ಸ್ವರ್ಗ. ಒದ್ದೆ ಇರುವಾಗ ಸುಣ್ಣ ನೀರಿನಂತೆ ಪಾರದರ್ಶಕ, ಏನೂ ಹಚ್ಚೇ ಇಲ್ಲ ಅನ್ನಿಸುತ್ತದೆ. ಒಣಗುತ್ತಾ ಒಣಗುತ್ತಾ ಒಳಗಿಂದ ಬೆಳ್ಳಗಾಗುತ್ತದೆ. ಕುರ್ಚಿ ಹಾಕಿಕೊಂಡು ನೋಡುತ್ತಾ ಕೂತಿದ್ದೆ. ಆ ಫ್ರಿಜ್ ಹೊಳಪು ಹೋಗಿ ಮೋಡದಂತೆ ಮೆತ್ತಗಿನ ಬಿಳಿ ಬಂತು. ಐದು ಸ್ಟಾರ್ ರಿವ್ಯೂ ಮನಸ್ಸಲ್ಲೇ ಬರೆದು ಮುಗಿಸಿದ್ದೆ. ಮೂರನೇ ವಾರ ಬೆಂಕಿ ಹಚ್ಚಿದೆವು. ಮಾರನೇ ದಿನ ಬೆಳಗ್ಗೆ ಫೈರ್‌ಪ್ಲೇಸ್ ಮುಂದೆ ನೆಲದ ಮೇಲೆಲ್ಲ ಬಿಳಿ ಚಕ್ಕೆ. ಬೆರಳಲ್ಲಿ ಉಜ್ಜಿದರೆ ಪುಡಿ. ಅಂಟು ಟೇಪ್ ಒತ್ತಿ ಎಳೆದರೆ ಇಡೀ ಪದರ ಟೇಪಿಗೇ ಬಂತು. ಕೆಳಗೆ ಅದೇ ಹಳೇ ಹೊಳಪು, ಏನೂ ಆಗದವರ ಹಾಗೆ ನಗುತ್ತಿತ್ತು.

ಅಂಗಡಿಯವರಿಗೆ ಫೋನ್ ಮಾಡಿದೆ. "ಮೇಡಂ, ನೀವು ಪ್ರೈಮರ್ ಹಾಕಿಲ್ಲ." ಡಬ್ಬಿಯಲ್ಲಿ ಪ್ರೈಮರ್, ಅಂದರೆ ಪೇಂಟಿಗೆ ಮುಂಚೆ ಹಚ್ಚುವ ಕೋಟ್, ಬೇಕು ಅಂತ ಎಲ್ಲಿದೆ? "ಹಿಂದೆ ಸಣ್ಣ ಅಕ್ಷರದಲ್ಲಿ, ಅಗತ್ಯವಿದ್ದಲ್ಲಿ ಅಂತ ಇರುತ್ತದೆ ನೋಡಿ." ಇತ್ತು. ಅಗತ್ಯ ಎಲ್ಲಿದೆ ಅಂತ ನಮಗೆ ಗೊತ್ತಾಗುವುದು ಹೇಗೆ ಅನ್ನುವುದನ್ನು ಮಾತ್ರ ಎಲ್ಲೂ ಬರೆದಿರಲಿಲ್ಲ. ಒಂದು ಸ್ಟಾರ್ ಕಳೆದದ್ದು ಇದಕ್ಕೆ.

ಗೊತ್ತುಮಾಡಿಕೊಳ್ಳುವುದು ಎಷ್ಟು ಸುಲಭ ಅಂದರೆ ನಾಚಿಕೆಯಾಗುತ್ತದೆ. ಇಟ್ಟಿಗೆ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ನೀರು ಹೀರಿಕೊಂಡು ಅಲ್ಲಿ ಕಪ್ಪಾದರೆ ಸುಣ್ಣ ಹಿಡಿಯುತ್ತದೆ. ಮುತ್ತಿನಂತೆ ನಿಂತು ಜಾರಿದರೆ ಹಿಡಿಯುವುದಿಲ್ಲ. ಅಷ್ಟೇ. ಈ ಒಂದು ಸಾಲು ಡಬ್ಬಿ ಮೇಲೆ ಇದ್ದಿದ್ದರೆ ನನ್ನ ಒಂದು ತಿಂಗಳು ಉಳಿಯುತ್ತಿತ್ತು.

ಈಗ ಮುಂದೆ ಎರಡು ದಾರಿ. ಒಂದು, ಹಳೇ ಪೇಂಟಿನ ಹೊಳಪು ಉಜ್ಜಿ ತೆಗೆದು, ಸಣ್ಣ ಮರಳಿನ ಕಣ ಇರುವ ಮಿನರಲ್ ಪ್ರೈಮರ್ ಹಚ್ಚಿ, ಅದರ ಮೇಲೆ ಸುಣ್ಣ. ಆ ಕಣಗಳು ಸುಣ್ಣಕ್ಕೆ ಹಿಡಿತ ಕೊಡುತ್ತವೆ. ಇದು ಸುಲಭ, ಚೆನ್ನಾಗಿಯೂ ಕಾಣುತ್ತದಂತೆ. ಆದರೆ ಇಟ್ಟಿಗೆ ಉಸಿರಾಡುವ ವಿಷಯ ಮರೆತುಬಿಡಬೇಕು, ಯಾಕೆಂದರೆ ಹಳೇ ಪೇಂಟ್ ಅಲ್ಲೇ ಇರುತ್ತದೆ. ಎರಡನೇದು, ಪೇಂಟನ್ನೇ ತೆಗೆಯುವುದು. ನಾನು ಎರಡನೇದು ಹಿಡಿದೆ. ಹಟ ಅನ್ನಿ.

ಇಲ್ಲಿ ಒಂದು ನಿಮಿಷ ಸೀರಿಯಸ್ ಮಾತು. ಹಳೇ ಮನೆಯ ಹಳೇ ಪೇಂಟಿನಲ್ಲಿ ಸೀಸ ಇರಬಹುದು. ಅಮೆರಿಕದಲ್ಲಿ ಮನೆಗೆ ಬಳಸುವ ಪೇಂಟಿನಲ್ಲಿ ಸೀಸವನ್ನು ನಿಷೇಧಿಸಿದ್ದೇ 1978ರಲ್ಲಿ, ಎಷ್ಟೋ ದೇಶಗಳಲ್ಲಿ ಅದಕ್ಕಿಂತ ತುಂಬಾ ತಡವಾಗಿ. ಸೀಸ ಇರುವ ಪೇಂಟನ್ನು ಒಣಗಿದ್ದಾಗ ಉಜ್ಜಿದರೆ ಧೂಳು ಮನೆ ತುಂಬಾ ಹರಡುತ್ತದೆ, ಮಕ್ಕಳಿರುವ ಮನೆಯಲ್ಲಿ ಅದು ಆಟ ಅಲ್ಲ. ಟೆಸ್ಟ್ ಕಿಟ್ ಸಿಗುತ್ತದೆ. ಮೇಲಿನ ಪದರಕ್ಕೆ ಮಾತ್ರ ಒರೆಸಿ ಸುಮ್ಮನಾಗಬೇಡಿ, ಇಟ್ಟಿಗೆ ಕಾಣುವ ತನಕ ಗೀಚಿ, ಎಲ್ಲ ಪದರಗಳನ್ನೂ ನೋಡಬೇಕು. ನಮ್ಮದರಲ್ಲಿ ಸೀಸ ಸಿಗಲಿಲ್ಲ. ಸಿಕ್ಕಿದ್ದರೆ ನಾನು ಮುಟ್ಟುತ್ತಲೇ ಇರಲಿಲ್ಲ, ಅದನ್ನು ತೆಗೆಯಲು ತಿಳಿದವರನ್ನು ಕರೆಸುತ್ತಿದ್ದೆ.

ಗಾಳಿಯ ರಭಸದಲ್ಲಿ ಮರಳು ಊದಿ ಪೇಂಟ್ ತೆಗೆಸಿಬಿಡು ಅಂತ ಒಬ್ಬರು ಸಲಹೆ ಕೊಟ್ಟರು. ಬೇಡವೇ ಬೇಡ. ಇಟ್ಟಿಗೆ ಸುಡುವಾಗ ಹೊರಗಡೆ ಒಂದು ಗಟ್ಟಿ ಚರ್ಮ ಬಂದಿರುತ್ತದೆ, ಮರಳು ಅದನ್ನೇ ಕಿತ್ತುಹಾಕುತ್ತದೆ. ಆಮೇಲೆ ಇಟ್ಟಿಗೆ ಮುಟ್ಟಿದರೆ ಪುಡಿ ಉದುರುತ್ತದೆ. ಮೇಲಾಗಿ ಆ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಇನ್ನು ಕೆಲವರ ಶೆಡ್‌ನಲ್ಲಿ ಹಳೇ ಕಾಲದ ಸ್ಟ್ರಿಪ್ಪರ್, ಅಂದರೆ ಪೇಂಟನ್ನು ಎಬ್ಬಿಸಿ ತೆಗೆಯುವ ರಾಸಾಯನಿಕದ ಡಬ್ಬಿ ಇರಬಹುದು, ಮೀಥೈಲೀನ್ ಕ್ಲೋರೈಡ್ ಇರುವಂಥದ್ದು. ಮುಚ್ಚಿದ ರೂಮಿನಲ್ಲಿ ಅದನ್ನು ಬಳಸಿ ಜನ ಸತ್ತಿದ್ದಾರೆ. ಅಮೆರಿಕದಲ್ಲಿ 2019ರಿಂದ ಅದನ್ನು ಸಾಮಾನ್ಯ ಜನರಿಗೆ ಮಾರುವಂತಿಲ್ಲ. ಇದ್ದರೆ ಮುಟ್ಟಬೇಡಿ.

ನಾನು ತಂದಿದ್ದು ಲೇಪದ ಥರದ ಸ್ಟ್ರಿಪ್ಪರ್. ದಪ್ಪಗೆ ಮೆತ್ತಬೇಕು, ಮೇಲೆ ಹಾಳೆ ಮುಚ್ಚಬೇಕು, ಒಂದು ದಿನ ಬಿಡಬೇಕು. ಮೊದಲು ಮೂಲೆಯಲ್ಲಿ ನಾಲ್ಕೇ ಇಟ್ಟಿಗೆಗೆ ಹಾಕಿ ನೋಡಿದೆ (ಬುದ್ಧಿ ಬಂದಿತ್ತು ಈಗ). ಹಾಳೆ ಎಳೆದಾಗ ಪೇಂಟ್ ಅದರ ಜೊತೆಗೇ ಬಂತು. ಆ ಸಂತೋಷ ಹೇಳಿ ತೀರದು. ಹಳೇ ಗಾಯದ ಹೊಪ್ಪಳೆ ಎದ್ದು ಬಂದಾಗ ಆಗುತ್ತದಲ್ಲ, ಅದೇ, ಗೋಡೆ ಸೈಜಿನದು.

ಆದರೆ ಪೂರ್ತಿ ಬರಲಿಲ್ಲ. ಇಟ್ಟಿಗೆ ಮುಖದಿಂದ ಹೋಯಿತು, ಸಣ್ಣ ರಂಧ್ರಗಳಲ್ಲಿ ಮತ್ತು ಗಾರೆಯ ಸಂದುಗಳಲ್ಲಿ ಬಿಳಿ ಉಳಿಯಿತು. ಇನ್ನೊಂದು ಸುತ್ತು ಹಾಕಿದೆ. ಆಗಲೂ ಉಳಿಯಿತು. ಹಲ್ಲುಜ್ಜುವ ಬ್ರಶ್ ಹಿಡಿದು ಸಂದು ಸಂದು ಉಜ್ಜುತ್ತಾ ಕೂತಿದ್ದಾಗ ಗಂಡ ಬಂದು ನಿಂತರು. ಸ್ವಲ್ಪ ಹೊತ್ತು ನೋಡಿ, "ಲೇ, ಇದು ಆಗಲೇ ಸುಣ್ಣ ಬಳಿದ ಹಾಗೆ ಕಾಣ್ತಿದೆ ಅಲ್ವಾ?" ಅಂದರು. ನಿಜ. ಕೆಂಪು ಇಟ್ಟಿಗೆ, ಅಲ್ಲಲ್ಲಿ ಬಿಳಿ ಮಬ್ಬು. ನಾನು ಡಬ್ಬಿಯಿಂದ ಬಯಸಿದ್ದು ಅದನ್ನೇ. ಪೇಂಟನ್ನು ಪೂರ್ತಿ ತೆಗೆಯುವ ಹಟ ಅಲ್ಲಿಗೆ ಬಿಟ್ಟೆ. ನೀರು ಹಾಕಿ ಹಾಕಿ ಸ್ಟ್ರಿಪ್ಪರ್ ಪೂರ್ತಿ ತೊಳೆದೆ, ಹತ್ತು ದಿನ ಒಣಗಲು ಬಿಟ್ಟೆ.

ಮಸಿಯ ಕಥೆ ಬೇರೆ. ಬೆಂಕಿಗೂಡಿನ ಬಾಯಿಯ ಮೇಲಿನ ಎರಡು ಸಾಲು ಇಟ್ಟಿಗೆಯಲ್ಲಿ ಹೊಗೆಯ ಎಣ್ಣೆ ಇಳಿದುಬಿಟ್ಟಿತ್ತು. ಅಲ್ಲಿ ಏನೇ ಹಚ್ಚಿದರೂ ಕಂದು ಕಲೆ ಮೇಲಕ್ಕೆ ಬರುತ್ತದೆ. ಅರಗಿನ ಪ್ರೈಮರ್ ಹಚ್ಚಿದರೆ ಕಲೆ ನಿಲ್ಲುತ್ತದೆ, ಸರಿ, ಆದರೆ ರಂಧ್ರ ಮುಚ್ಚಿಹೋಗಿ ಸುಣ್ಣ ಹಿಡಿಯುವುದಿಲ್ಲ. ಈ ಕಡೆ ಬಾವಿ, ಆ ಕಡೆ ಹಳ್ಳ. ಮೂರು ಸಲ ವಾಷಿಂಗ್ ಸೋಡಾ ಕಲಸಿದ ನೀರು ಹಾಕಿ ಗಟ್ಟಿ ಬ್ರಶ್‌ನಲ್ಲಿ ತಿಕ್ಕಿದೆ, ಅರ್ಧಕ್ಕರ್ಧ ಹೋಯಿತು. ಉಳಿದ ತಿಳಿ ಹಳದಿ ಈಗಲೂ ಇದೆ. ಬಾಯಿಯ ಮೇಲೆ ಮಸಿ ಜಾಸ್ತಿ ಕೂರುತ್ತಿದೆ ಅಂದರೆ ಹೊಗೆ ಮೇಲಕ್ಕೆ ಸರಿಯಾಗಿ ಹೋಗುತ್ತಿಲ್ಲ ಅಂತ ಅರ್ಥ. ಪೇಂಟ್ ತರುವ ಮುಂಚೆ ಚಿಮಣಿ ಗುಡಿಸಿಸಿ.

ಎರಡನೇ ಡಬ್ಬಿ ತಂದೆ. ಅದೇ ಕಂಪನಿಯದು, ಹೌದು. ಈಗ ಡಬ್ಬಿಯೊಳಗಿನ ಸರಕಿನ ಬಗ್ಗೆ ಬರೆಯಬಹುದು.

ಸರಕು ಚೆನ್ನಾಗಿದೆ. ವಾಸನೆ ಇಲ್ಲ, ಒದ್ದೆ ಮಣ್ಣಿನ ಥರ ಏನೋ ಒಂದು, ಅಷ್ಟೇ. ಹಾಲಿನಷ್ಟು ತೆಳ್ಳಗೆ ಮಾಡಿಕೊಂಡು ಹಚ್ಚಬೇಕು. ಗಟ್ಟಿಯಾಗಿ ಹಚ್ಚಿದರೆ ಬಿರುಕು ಬಿಡುತ್ತದೆ. ಬಣ್ಣ ತಳಕ್ಕೆ ಇಳಿಯುತ್ತಲೇ ಇರುತ್ತದೆ, ಐದು ನಿಮಿಷಕ್ಕೊಮ್ಮೆ ಕಲಕದಿದ್ದರೆ ಮೇಲಿನ ಸಾಲು ಒಂದು ಬಣ್ಣ, ಕೆಳಗಿನ ಸಾಲು ಇನ್ನೊಂದು. ಎರಡು ಡಬ್ಬಿ ಬೇಕಾದರೆ ಮೊದಲೇ ದೊಡ್ಡ ಬಕೆಟ್‌ನಲ್ಲಿ ಒಟ್ಟಿಗೆ ಬೆರೆಸಿಕೊಳ್ಳಿ. ಬಣ್ಣದ ಆಯ್ಕೆ ಕಡಿಮೆ ಇದೆ ಅಂತ ಕೆಲವರು ಗೊಣಗಿದ್ದಾರೆ. ಅದು ಕಂಪನಿಯ ಜಿಪುಣತನ ಅಲ್ಲ. ಸುಣ್ಣದ ಖಾರಕ್ಕೆ, ಅಂದರೆ ಅದರ ಕ್ಷಾರಗುಣಕ್ಕೆ, ಬಹಳಷ್ಟು ಬಣ್ಣಗಳು ಸತ್ತುಹೋಗುತ್ತವೆ, ತಡೆದುಕೊಳ್ಳುವುದು ಮುಖ್ಯವಾಗಿ ಮಣ್ಣಿನ ಬಣ್ಣಗಳು, ಕಬ್ಬಿಣದ ಆಕ್ಸೈಡ್‌ನಂಥವು. ಇಟ್ಟಿಗೆಯನ್ನು ಕೆಂಪು ಮಾಡುವುದೂ ಅದೇ ಕಬ್ಬಿಣ. ಅದಕ್ಕೇ ಇವೆರಡೂ ಹೊಂದಿಕೊಳ್ಳುತ್ತವೇನೋ, ನನಗಂತೂ ಹಾಗನ್ನಿಸಿತು.

ಆ ಖಾರದ ಬಗ್ಗೆ ಡಬ್ಬಿ ಇನ್ನೂ ಜೋರಾಗಿ ಹೇಳಬೇಕಿತ್ತು. ಇದರ ಪಿಎಚ್ (ಹುಳಿ, ಕ್ಷಾರ ಅಳೆಯುವ ಲೆಕ್ಕ, ನೀರಿನದು 7) 12ರ ಆಸುಪಾಸು. ಕಣ್ಣಿಗೆ ಹಾರಿದರೆ ಕಣ್ಣು ಸುಡುತ್ತದೆ. ಕನ್ನಡಕ, ಕೈಗವಸು ಇಲ್ಲದೆ ಬ್ರಶ್ ಎತ್ತಬೇಡಿ. ತಲೆಗಿಂತ ಮೇಲಿನ ಸಾಲುಗಳಿಗೆ ಹಚ್ಚುವಾಗ ಹನಿಗಳು ಮುಖಕ್ಕೇ ಬರುತ್ತವೆ.

ಹಚ್ಚುವ ಮುಂಚೆ ಗೋಡೆಯನ್ನು ಸ್ಪ್ರೇ ಬಾಟಲಿಯಲ್ಲಿ ಒದ್ದೆ ಮಾಡಿಕೊಳ್ಳಬೇಕು, ಇದನ್ನು ಮೊದಲ ಸಲ ನಾನು ಮಾಡಿರಲಿಲ್ಲ, ಮಾಡಿದ್ದರೂ ಆ ಹೊಳಪಿನ ಮೇಲೆ ನೀರು ನಿಲ್ಲುತ್ತಿರಲಿಲ್ಲ ಬಿಡಿ, ಆದರೆ ಬರೀ ಇಟ್ಟಿಗೆ ಇರುವವರಿಗೆ ಇದು ಬಹಳ ಮುಖ್ಯ, ಒಣ ಇಟ್ಟಿಗೆ ಸುಣ್ಣದ ನೀರನ್ನು ಒಂದೇ ಗುಟುಕಿಗೆ ಕುಡಿದುಬಿಡುತ್ತದೆ, ಕಲ್ಲಾಗಲು ಬೇಕಾದ ತೇವವೇ ಉಳಿಯದೆ ಪುಡಿಯಾಗಿ ಉದುರುತ್ತದೆ. ಹಾಗೆಯೇ ಸುಣ್ಣ ಗಟ್ಟಿಯಾಗುವ ತನಕ ಬೆಂಕಿ ಬೇಡ. ನಾನು ಎರಡು ವಾರ ಕಡ್ಡಿ ಗೀರಲಿಲ್ಲ. ಉದ್ದ ಎಳೆಯ ದಪ್ಪ ಬ್ರಶ್ ತೆಗೆದುಕೊಂಡು ಅಡ್ಡಾದಿಡ್ಡಿ ಹಚ್ಚಿ, ರೋಲರ್ ಸಂದಿಗೆ ಇಳಿಯುವುದೇ ಇಲ್ಲ. ಅಲ್ಲಲ್ಲಿ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕೆಂಪು ಇಣುಕುತ್ತದೆ. ನನಗೆ ಇಷ್ಟವಾದ ಭಾಗ ಇದು. ಎಷ್ಟು ಒರೆಸಬೇಕು ಅನ್ನುವುದಕ್ಕೆ ಲೆಕ್ಕ ಇಲ್ಲ, ಹಿಂದೆ ಹೋಗಿ ನೋಡಬೇಕು, ಮುಂದೆ ಬಂದು ಒರೆಸಬೇಕು. ಮೊದಲ ಕೋಟ್ ಒಣಗಿ ಬೆಳ್ಳಗಾಗುವವರೆಗೆ ಎರಡನೇದು ಹಚ್ಚುವ ಆಸೆ ತಡೆದುಕೊಳ್ಳಿ.

ಡಬ್ಬಿ ಇಷ್ಟು ಚದರಡಿಗೆ ಸಾಕು ಅಂತ ಬರೆದಿರುವುದು ನುಣುಪು ಗೋಡೆಯ ಲೆಕ್ಕ. ಇಟ್ಟಿಗೆ ಮತ್ತು ಗಾರೆ ಅದಕ್ಕಿಂತ ತುಂಬಾ ಜಾಸ್ತಿ ಕುಡಿಯುತ್ತವೆ. ಅರ್ಧ ಸ್ಟಾರ್ ಇದಕ್ಕೆ ಹೋಯಿತು.

ಬೆಂಕಿಗೂಡಿನ ಒಳಗೆ ಇದನ್ನು ಹಚ್ಚಬೇಡಿ. ಸಾಮಾನ್ಯ ಪೇಂಟಂತೂ ಬೇಡವೇ ಬೇಡ. ಒಳಗೆ ಬಣ್ಣ ಬೇಕೇ ಬೇಕು ಅಂದರೆ 650 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುವ ಬೇರೆ ಪೇಂಟ್ ಬರುತ್ತದೆ. ನಾನು ಒಳಗಿನ ಮಸಿ ಕೆರೆದು ಹಾಗೇ ಬಿಟ್ಟೆ. ಕಪ್ಪು ಇರಲಿ, ಅದು ಬೆಂಕಿಯ ಜಾಗ.

ಸುಣ್ಣ ಬೇಡ, ಇನ್ನೂ ಗಟ್ಟಿಯಾದದ್ದು ಬೇಕು ಅನ್ನುವವರಿಗೆ ಸಿಲಿಕೇಟ್ ಪೇಂಟ್ ಇದೆ. ಜರ್ಮನಿಯಲ್ಲಿ ಆಡಾಲ್ಫ್ ವಿಲ್ಹೆಲ್ಮ್ ಕೈಮ್ ಅನ್ನುವವರು 1878ರಲ್ಲೇ ಪೇಟೆಂಟ್ ಪಡೆದ ಜಾತಿಯದು. ಪೊಟ್ಯಾಸಿಯಂ ಸಿಲಿಕೇಟ್ ಇಟ್ಟಿಗೆಯ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ, ಒರಗಿದರೆ ಬೆನ್ನಿಗೆ ಅಂಟುವುದಿಲ್ಲ. ಆದರೆ ಅದಕ್ಕೂ ಬರೀ ಇಟ್ಟಿಗೆಯೇ ಬೇಕು. ಮತ್ತು ಒರೆಸಿ ತೆಗೆಯುವ ಆಟ ಇಲ್ಲ, ಹಚ್ಚಿದರೆ ಹಚ್ಚಿದ್ದೇ.

ಫೈರ್‌ಪ್ಲೇಸ್ ಆಯಿತು. ರೂಮು ಕೆಟ್ಟಿತು.

ತಮಾಷೆ ಅಲ್ಲ. ಹೊಳಪಿನ ಬಿಳಿಯ ಪಕ್ಕದಲ್ಲಿ ಸುಮ್ನೆ ಇದ್ದ ಬೂದು ಗೋಡೆ, ಬೆಚ್ಚಗಿನ ಬಿಳಿ-ಕೆಂಪಿನ ಪಕ್ಕದಲ್ಲಿ ನೀಲಿಗಟ್ಟಿದ ಹಾಗೆ ಕಾಣತೊಡಗಿತು. ರಾತ್ರಿ ಇನ್ನೂ ಕೆಟ್ಟದು. ಮೊದಲು ಬಲ್ಬ್ ಬದಲಾಯಿಸಿದೆ. 6500 ಕೆಲ್ವಿನ್‌ನ ಬೆಳ್ಳನೆಯ ಎಲ್ಇಡಿ ತೆಗೆದು ಹಳದಿ ಬೆಳಕಿನ 2700ರದ್ದು ಹಾಕಿದೆ. ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು. ಪೇಂಟಿಗೆ ದುಡ್ಡು ಸುರಿಯುವ ಮುಂಚೆ ಬಲ್ಬ್ ಬದಲಾಯಿಸಿ ನೋಡಿ. ಆಮೇಲೆ ಗೋಡೆಗೆ ಹಸಿ ಜೇಡಿಮಣ್ಣು ಒಣಗಿದಾಗ ಬರುವ ತಿಳಿ ಬಣ್ಣ. ಸ್ಯಾಂಪಲನ್ನು ಗೋಡೆಗೇ ಬಳಿಯಲಿಲ್ಲ, ದೊಡ್ಡ ರಟ್ಟಿಗೆ ಹಚ್ಚಿ, ಆ ರಟ್ಟನ್ನು ಇಟ್ಟಿಗೆಗೆ ಒರಗಿಸಿ ಬೆಳಗ್ಗೆ, ಸಂಜೆ, ದೀಪ ಹಚ್ಚಿದ ಮೇಲೆ ನೋಡಿದೆ. ನನಗೆ ಅಂಗಡಿಯಲ್ಲಿ ಇಷ್ಟವಾಗಿದ್ದ ಬಿಳಿ ಇಲ್ಲಿ ಗುಲಾಬಿಯಾಗಿ ಕಂಡಿತು.

ಟಿವಿ ಕೆಳಗಿಳಿಯಿತು. ದೊಡ್ಡ ಜಗಳ ಇದೇ. ಕತ್ತು ಎತ್ತಿ ನೋಡಿ ನೋಡಿ ನನಗೆ ಕತ್ತು ನೋವು, ಬೆಂಕಿ ಉರಿಯುವಾಗ ಆ ಗೋಡೆ ಬಿಸಿಯಾಗುತ್ತದೆ, ಟಿವಿಗೂ ಒಳ್ಳೆಯದಲ್ಲ ಅಂದೆ. "ಮತ್ತೆ ಮ್ಯಾಚ್ ಎಲ್ಲಿ ನೋಡ್ಲಿ?" ಅಂದರು. ಪಕ್ಕದ ಗೋಡೆಗೆ ಹೋಯಿತು ಟಿವಿ. ಸೋಫಾ ಈಗ ಎರಡಕ್ಕೂ ಓರೆಯಾಗಿದೆ, ಪರವಾಗಿಲ್ಲ. ಟಿವಿ ಇದ್ದ ಜಾಗಕ್ಕೆ ಒಂದೇ ಚಿತ್ರ, ಕೆಳಗಿನ ಮರದ ಹಲಗೆಯ ಅಗಲದ ಮೂರರಲ್ಲಿ ಎರಡು ಪಾಲಿನಷ್ಟು. ಚಿಕ್ಕ ಚಿಕ್ಕ ಫೋಟೋಗಳ ಸಾಲು ಹಾಕಿ ನೋಡಿದ್ದೆ, ಇಟ್ಟಿಗೆಯ ಗೆರೆಗಳೇ ಸಾಲು ಸಾಲಾಗಿರುವಾಗ ಅದರ ಮೇಲೆ ಇನ್ನೊಂದು ಸಾಲು ಕಣ್ಣಿಗೆ ಗಲಾಟೆ.

ಆ ಮರದ ಹಲಗೆ ಹೊಸದು ಹಾಕುವವರು ಗಮನಿಸಿ. ಬೆಂಕಿಗೂಡಿನ ಬಾಯಿಗೆ 6 ಇಂಚಿನ ಒಳಗೆ ಮರ ಇರಕೂಡದು, 12 ಇಂಚಿನ ಒಳಗೆ ಇದ್ದರೆ ಪ್ರತಿ ಇಂಚು ದೂರಕ್ಕೆ ಇಂಚಿನ ಎಂಟನೇ ಒಂದು ಭಾಗದಷ್ಟೇ ಮುಂದಕ್ಕೆ ಚಾಚಬಹುದು ಅಂತ ಅಮೆರಿಕದ ಮನೆ ಕಟ್ಟುವ ನಿಯಮ ಹೇಳುತ್ತದೆ. ನಿಮ್ಮ ಊರಿನ ನಿಯಮ ಬೇರೆ ಇರಬಹುದು, ಕೇಳಿಕೊಳ್ಳಿ.

ಕಾರ್ಪೆಟ್, ಕುಶನ್ ವಿಷಯ ಬರೆಯಲು ಹೋಗುವುದಿಲ್ಲ. ಬೂದು ಸೋಫಾ ಹಾಗೇ ಇದೆ, ಅದರ ಮೇಲೆ ಇಟ್ಟಿಗೆ ಬಣ್ಣದ ಒಂದು ಹೊದಿಕೆ ಬಿತ್ತು, ಮುಗಿಯಿತು.

ಆರು ತಿಂಗಳಾಯಿತು ಈಗ. ವಾರಕ್ಕೆ ಎರಡು ಮೂರು ಸಲ ಬೆಂಕಿ ಹಚ್ಚಿದ್ದೇವೆ. ಚಕ್ಕೆ ಎದ್ದಿಲ್ಲ. ಟೇಪ್ ಒತ್ತಿ ಎಳೆದೆ, ಟೇಪಿಗೆ ತೆಳ್ಳಗೆ ಪುಡಿ ಬಂತು, ಪದರ ಬರಲಿಲ್ಲ. ಒರಗಿದರೆ ಬಟ್ಟೆಗೆ ಸ್ವಲ್ಪ ಅಂಟುತ್ತದೆ, ಗಂಡನ ವಾದ ಅಷ್ಟರಮಟ್ಟಿಗೆ ಗೆದ್ದಿದೆ. ಒರೆಸಲು ಒದ್ದೆ ಬಟ್ಟೆ ಸಾಕು. ವಿನೆಗರ್ ಅಥವಾ ಹುಳಿ ಇರುವ ಕ್ಲೀನರ್ ತಾಗಿಸಬೇಡಿ, ಸುಣ್ಣ ಕರಗುತ್ತದೆ. ನನ್ನ ಸಹಾಯಕ್ಕೆ ಬಂದ ತಂಗಿ ಅದನ್ನೇ ಮಾಡಿದಳು, ಎಡಗಡೆ ಕೆಳಗೆ ಅಂಗೈ ಅಗಲ ಮಚ್ಚೆ ಬಿತ್ತು. ಡಬ್ಬಿಯಲ್ಲಿ ಕಾಲು ಭಾಗ ಉಳಿದಿತ್ತು, ಮೇಲೆ ನೀರು ನಿಲ್ಲಿಸಿ ಗಟ್ಟಿಯಾಗಿ ಮುಚ್ಚಿಟ್ಟಿದ್ದೆ. ತೆಗೆದು ಕಲಕಿದರೆ ಮೊದಲ ದಿನದ ಹಾಗೇ ಇತ್ತು. ಗೋಡೆ ಒದ್ದೆ ಮಾಡಿ, ಎರಡು ಸಲ ಬ್ರಶ್ ಆಡಿಸಿದೆ. ಸಂಜೆ ಹೊತ್ತಿಗೆ ಮಚ್ಚೆ ಎಲ್ಲಿತ್ತು ಅಂತ ನನಗೇ ಗೊತ್ತಾಗಲಿಲ್ಲ.